ಕಲೇಜಾ ಯಾವ ಕಡೆ

ಗಯಾಬಾಯಿ ಎರಡು ಸೀರೆ, ವಿಭೂತಿ ಗಟ್ಟಿ, ಮೊಣಕಾಲಿಗೆ ಹಚ್ಚುವ ಎಣ್ಣೆಯ ಶೀಸೆ, ಇಷ್ಟನ್ನೇ ಕೈಚೀಲಕ್ಕೆ ತುರುಕಿಕೊಂಡು ಬಸವಕಲ್ಯಾಣದ ಹಿರಿಯ ಮಗನ ಮನೆಯ ಹೊಸ್ತಿಲು ದಾಟಿದಾಗ ಒಲೆಯ ಮೇಲೆ ಅವಳ ಪಾಲಿನ ಚಹಾ ಇನ್ನೂ ಕುದಿಯುತ್ತಿತ್ತು. ೨೦೦೮ರ ದೀಪಾವಳಿ ಕಳೆದು ಎರಡು ವಾರವಾಗಿತ್ತು. ಬೋರ್ಡು ಓದಲು ಬಾರದ ಮುದುಕಿ; ಪ್ರತಿ ಸಲ ಹುಮನಾಬಾದಿನ ಬಸ್ಸು ಹತ್ತಿಸಲು ಮೊಮ್ಮಗಳು ವಿದ್ಯಾವತಿ ಜೊತೆಗೆ ಹೋಗಬೇಕು. ಈ ಸಲ ಯಾರನ್ನೂ ಕರೆಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ವಿದ್ಯಾವತಿಯ ಮುಖವನ್ನೊಮ್ಮೆ ನೋಡಿ, ಏನೋ ಹೇಳಲು ಬಾಯಿ ತೆರೆದು, ಹಾಗೆಯೇ ಸೆರಗನ್ನು ಬಾಯಿಗಿಟ್ಟುಕೊಂಡು ಹೊರಟುಹೋದಳು.

ಸಂಜೆ ಹುಮನಾಬಾದಿನಿಂದ ಫೋನು ಬಂತು. ಮಾತಾಡಿದವನು ಗಯಾಬಾಯಿಯ ಕಿರಿಯ ಮಗ ಗುರುಲಿಂಗ.

"ವೈನಿ, ಅವ್ವ ತನ್ನ ತಲಿ ಮ್ಯಾಲ ನನ್ನ ಕೈ ಇಡಿಸ್ಕೊಂಡು ಆಣಿ ಹಾಕ್ಯಾಳ. ಆಸ್ಪತ್ರಿ ಮೆಟ್ಟಲಾ ತುಳಿದ್ರ ತನ್ನ ಹೆಣಾ ನೋಡ್ಬೇಕಂತ. ನಾ ಏನ್ ಮಾಡ್ಲಿ?"

ವಿದ್ಯಾವತಿಯ ತಾಯಿ ಶಕುಂತಲಾಬಾಯಿ ಫೋನಿಟ್ಟಳು. ಇಟ್ಟು, ಒಲೆಯ ಮುಂದೆ ಕೂತು, ಗಂಡನಿಗೆ ಕೇಳಲಿ ಎಂದೇ ಗಟ್ಟಿಯಾಗಿ ಅಂದಳು: "ಸಣ್ಣ ಮಗ ಹೊಟ್ಟ್ಯಾಗ ಹುಟ್ಟಿದ್ದು, ದೊಡ್ಡ ಮಗ ದಾರ್ಯಾಗ ಸಿಕ್ಕಿದ್ದು."

ಆ ಮನೆಯಲ್ಲಿ ಎಲ್ಲರ ಕಣ್ಣೂ ಗುರುಲಿಂಗನ ಮೇಲಿದ್ದುದಕ್ಕೆ ಕಾರಣವಿತ್ತು. ವಿದ್ಯಾವತಿಯ ಅಪ್ಪ ನಾಗನಾಥನದು ಬಸವಕಲ್ಯಾಣದ ಬಜಾರಿನಲ್ಲಿ ಭಾಂಡೆ ಅಂಗಡಿ; ಕೊಡ, ಪಾತೇಲಿ, ತಾಟು, ಮದುವೆಯ ಸಾಮಾನು. ಮೂರು ವರ್ಷದ ಹಿಂದೆ ಅವನ ಕಣ್ಣು ಹಳದಿಯಾದಾಗ ಕಾಮಣಿ ಎಂದು ಊರ ಔಷಧ ಕುಡಿಸಿದರು. ಹಳದಿ ಇಳಿಯಿತು, ಮತ್ತೆ ಏರಿತು. ಆಮೇಲೆ ಕಾಲು ಬಾತವು, ಹೊಟ್ಟೆಯಲ್ಲಿ ನೀರು ತುಂಬತೊಡಗಿತು. ಹೈದರಾಬಾದಿನ ಡಾಕ್ಟರು ಲಿವರು ಒಣಗಿ ಗಂಟುಗಂಟಾಗಿದೆ, ಎಂದೋ ಒಂದು ಸೂಜಿಯಿಂದ ರೋಗ ರಕ್ತಕ್ಕೆ ಸೇರಿರಬೇಕು ಎಂದರು. ಊರು ಮಾತ್ರ ಸೂಜಿಯನ್ನು ನಂಬಲಿಲ್ಲ. ಕೊರಳಲ್ಲಿ ಲಿಂಗ, ಕಪಾಟಿನಲ್ಲಿ ಬಾಟಲಿ ಎಂದು ಆಡಿಕೊಂಡಿತು. ನಾಗನಾಥ ಅದಕ್ಕೂ ನಗುತ್ತಿದ್ದ. "ಕುಡೀಲಾರದ ಬೈಸ್ಕೊಳ್ಳೋದು ಲುಕ್ಸಾನಿನ ಧಂಧಾ ನೋಡು. ಒಂದ್ ಗುಟುಕಾದ್ರೂ ಕುಡೀಬೇಕಿತ್ತು."

ಲಿವರು ಬದಲಿಸುವುದೊಂದೇ ದಾರಿ, ಅದೂ ಆರು ತಿಂಗಳೊಳಗೆ, ಎಂದು ಡಾಕ್ಟರು ಹೇಳಿದ್ದರು. ಮನೆಯವರೊಬ್ಬರು ತಮ್ಮ ಲಿವರಿನ ಒಂದು ಪಾಲು ಕೊಡಬೇಕು. ಹೆಂಡತಿಯ ರಕ್ತ ಹೊಂದಲಿಲ್ಲ, ಮಗಳದೂ ಹೊಂದಲಿಲ್ಲ. ಹೊಂದಿದ್ದು ಗುರುಲಿಂಗನದು. ಹುಮನಾಬಾದಿನ ಹೆದ್ದಾರಿಯ ಪಕ್ಕ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಅವನು ಕೇಳಿದ ದಿನವೇ ಹೂಂ ಅಂದಿದ್ದ. ಖರ್ಚಿಗೆಂದು ನಿರ್ಣಾದ ಹೊಲ ಮಾರಿದರು. ಆ ಮಾತಿಗೆ ಅಣ್ಣತಮ್ಮಂದಿರಿಬ್ಬರಲ್ಲಿ ಯಾರೂ ಒಂದು ಚಕಾರ ಎತ್ತಲಿಲ್ಲ. ದೀಪಾವಳಿಯ ನಂತರ ಎಲ್ಲರೂ ಹೈದರಾಬಾದಿಗೆ ಹೋಗಿ, ನಾಲ್ಕು ದಿನ ತಪಾಸಣೆ ಮುಗಿಸಿ ಬಂದರು. ಬಂದ ಮೇಲೆ ಗಯಾಬಾಯಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ, ಮಾತಾಡಲಿಲ್ಲ. ಮೂರನೆಯ ದಿನ ಚೀಲ ಹಿಡಿದು ಹೊರಟಳು.

ಮನೆಯ ಊಟಕ್ಕೆ ಮೊದಲೇ ಎರಡು ರುಚಿಯಿತ್ತು. ನಾಗನಾಥನಿಗೆ ಉಪ್ಪು ವರ್ಜ್ಯ. ಅವನ ಪುಂಡಿಪಲ್ಯ ಬೇರೆ ಪಾತ್ರೆಯಲ್ಲಿ ಸಪ್ಪಗೆ ಬೇಯುತ್ತಿತ್ತು. ಉಳಿದವರ ಪಲ್ಯಕ್ಕೆ ಉಪ್ಪು ಬೀಳುತ್ತಿತ್ತು, ಅಂದಿನಿಂದ ಅದರ ಜೊತೆಗೆ ಶಕುಂತಲಾಬಾಯಿಯ ಮಾತೂ ಬೀಳುತ್ತಿತ್ತು. ಅತ್ತೆಗೆ ಮೂವತ್ತು ವರ್ಷ ಮಾಡಿದ ಸೇವೆ, ಹಾಕಿದ ರೊಟ್ಟಿ, ತಿಕ್ಕಿದ ಬೆನ್ನು ಎಲ್ಲವೂ ತಾಟಿನ ಸುತ್ತ ಬಂದು ಕೂರುತ್ತಿದ್ದವು. ಗುರುಲಿಂಗನ ಹೆಂಡತಿ ಉಜ್ವಲಾನೇ ಅತ್ತೆಯ ಕಿವಿ ಊದಿದ್ದಾಳೆ, ತನ್ನ ಗಂಡನ ಮೈ ಉಳಿಸಿಕೊಳ್ಳಲು ಮುದುಕಿಯನ್ನು ಮುಂದೆ ಬಿಟ್ಟಿದ್ದಾಳೆ ಎಂಬುದು ಅವಳ ತೀರ್ಮಾನ.

ನಾಗನಾಥ ಒಂದು ದಿನ ರೊಟ್ಟಿ ಮುರಿಯುತ್ತಾ ಅಂದ: "ಅವ್ವಗ ಇರೋದು ಎರಡ ಕಣ್ಣು. ಒಂದಕ್ಕ ಪೊರಿ ಬಂದದಂತ ಇನ್ನೊಂದಕ್ಕ ಚಾಕು ಹಚ್ಚು ಅಂದ್ರ ಯಾವ ತಾಯಿ ಜಲ್ದಿ ಹೂಂ ಅಂತಾಳ? ಆಕಿ ಬರ್ತಾಳ. ಟೈಮ್ ಕೊಡು."

"ಟೈಮ್ ನಿಮ್ಮ ಕಡೆ ಎಷ್ಟದ?"

"ಡಾಕ್ಟರು ಆರು ತಿಂಗಳಂದಾರ. ಅವರದು ಹೈದರಾಬಾದಿನ ಲೆಕ್ಕ. ಬಸವಕಲ್ಯಾಣದಾಗ ಬಸ್ಸು ಸೈತ ತಡಾ ಮಾಡೇ ಬರ್ತದ." ಹಾಗೆಂದು ಸಪ್ಪನೆಯ ಪಲ್ಯವನ್ನು ಬಾಯಿಗಿಟ್ಟು, "ಉಪ್ಪುಂಡ ಮನಿಗಿ ಎರಡು ಬಗೀಬಾರದಂತಾರ. ನಾ ಮೂರು ತಿಂಗಳಿಂದ ಉಪ್ಪ ಉಂಡಿಲ್ಲ, ಹುಷಾರಿರು," ಎಂದು ಹೆಂಡತಿಯನ್ನು ನಗಿಸಲು ನೋಡಿದ. ಅವಳು ನಗಲಿಲ್ಲ, ತಿರುಗಿ ಕೂತು ಕಣ್ಣೊರೆಸಿಕೊಂಡಳು.

ವಿದ್ಯಾವತಿ ಇದರ ನಡುವೆ ಅಪ್ಪನ ಆರೈಕೆ ನೋಡಿಕೊಳ್ಳುತ್ತಿದ್ದಳು. ಬಿ.ಎ. ಮುಗಿಸಿದ್ದರೂ ಅಂಗಡಿಗೆ ಬಂದ ಗಿರಾಕಿಗೆ ಬೆಲೆ ಹೇಳುವಾಗಲೂ ತಡವರಿಸುವ ಹುಡುಗಿ ಅವಳು. ಬೆಳಿಗ್ಗೆ ಎದ್ದು ಅಪ್ಪನ ತೂಕ ನೋಡುವುದು, ಬಾತ ಕಾಲನ್ನು ಹೆಬ್ಬೆರಳಿನಿಂದ ಒತ್ತಿ ಗುಳಿ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುವುದು, ಗುಳಿಗೆ ಕೊಡುವುದು, ಆಮೇಲೆ ಅವನ ಜೊತೆ ಅಂಗಡಿಗೆ ಹೋಗುವುದು. ಬೇಡವೆಂದರೂ ನಾಗನಾಥ ದಿನಾ ಅಂಗಡಿ ತೆಗೆಯುತ್ತಿದ್ದ. ಕಲಾಯಿ ಮಾಡಿದರೆ ಹಳೆಯ ಹಂಡೆಯೂ ಹತ್ತು ವರ್ಷ ಬರುತ್ತದೆ, ತನಗೂ ಒಂದು ಕಲಾಯಿ ಬಾಕಿ ಇದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಹೊಸ ವರ್ಷದ ಮದುವೆಗಳಿಗೆಂದು ಸ್ಟೀಲಿನ ಮಾಲಿಗೆ ಆರ್ಡರನ್ನೂ ಕೊಟ್ಟ.

ಡಿಸೆಂಬರ್ ಮೊದಲ ವಾರ ಅವನ ಮಾತು ಅಡ್ಡಾದಿಡ್ಡಿಯಾಯಿತು. ಕೊಡ ಕೇಳಿದವನ ಮುಂದೆ ಸೌಟು ಇಟ್ಟ. ಕೇಳಿದ್ದನ್ನೇ ಮತ್ತೆ ಕೇಳಿದ. ಮಧ್ಯಾಹ್ನ ವಿದ್ಯಾವತಿಯನ್ನು ನೋಡಿ "ಅವ್ವಾ, ನೀ ಯಾವಾಗ ಬಂದಿ?" ಎಂದ. ಗುಲಬರ್ಗಾದ ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡು ಮಾತು ತಿಳಿಯಾದ ಮೇಲೆ ಮನೆಗೆ ಕಳಿಸಿದರು. ಲಿವರು ತೆಗೆದುಹಾಕಬೇಕಾದ ವಿಷ ತಲೆಗೆ ಏರುತ್ತಿದೆ, ಇನ್ನು ಕಾಯಬೇಡಿ ಎಂದರು ಅಲ್ಲಿಯವರು.

ಸುದ್ದಿ ತಿಳಿದು ಭಾನುವಾರ ಗುರುಲಿಂಗನೂ ಉಜ್ವಲಾಳೂ ಬಂದರು. ಗುರುಲಿಂಗ ಅಣ್ಣನ ಕಾಲ ಬಳಿ ಕೂತು ತಲೆ ಎತ್ತಲಿಲ್ಲ. ಶಕುಂತಲಾಬಾಯಿ ಚಹಾದ ಕಪ್ಪು ಹಿಡಿದು ಉಜ್ವಲಾಳ ಮುಂದೆ ನಿಂತಳು.

"ಸಕ್ರಿ ಹಾಕ್ಲೇನು? ಇಲ್ಲಾ ಅದಕೂ ಅತ್ತಿ ಆಣಿ ಅದನ?"

ಉಜ್ವಲಾ ಕಪ್ಪನ್ನು ತೆಗೆದುಕೊಂಡು ನೆಲದ ಮೇಲಿಟ್ಟಳು. "ಅಕ್ಕಾ, ಹೈದರಾಬಾದದಾಗ ನಾ ಸಹಿ ಮಾಡಿ ಬಂದೀನಿ. ಇವರಿಗಿ ಏನೇನು ಆಗಬಹುದಂತ ಆ ಕಾಗದದಾಗ ಬರ್ದಿತ್ತು. ಎಲ್ಲಾ ಓದಿ, ಎರಡು ಮಕ್ಕಳ ಮಾರಿ ನೆನಸ್ಕೊಂಡು ಸಹಿ ಮಾಡೀನಿ. ಕೇಳಲಾರದ ನನ್ನ ಮ್ಯಾಲ ಹಾಕಬ್ಯಾಡ್ರಿ."

ಶಕುಂತಲಾಬಾಯಿ ಸಕ್ಕರೆಯ ಡಬ್ಬಿ ತಂದು ಕಪ್ಪಿನ ಪಕ್ಕ ಇಟ್ಟಳು. ಹಾಗಾದರೆ ಅತ್ತೆಗೆ ಆಗಿರುವುದಾದರೂ ಏನು ಎಂದು ದನಿ ಇಳಿಸಿ ಕೇಳಿದಳು.

"ನಮಗೂ ತಿಳಿವಲ್ದು. ಮಾತಿಲ್ಲ. ಮಧ್ಯಾಹ್ನ ಇವರು ಮಲಗಿದ್ರ ಬಂದು ಎದಿಗಿ ಕಿವಿ ಹಚ್ಚಿ ಕೇಳ್ತಾರ. ಏನು ಕೇಳ್ತಾರೋ ದೇವರಿಗೇ ಗೊತ್ತು."

ಆ ಮಾತು ವಿದ್ಯಾವತಿಯ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಕಾಕಾ ಕಾಕು ಹೊರಟಾಗ ತಾನೂ ಎರಡು ದಿನ ಹೋಗಿ ಬರುತ್ತೇನೆ ಎಂದಳು. ತಾನಾಗಿ ಏನನ್ನೂ ಕೇಳದ ಮಗಳು ಕೇಳಿದಳೆಂದು ಶಕುಂತಲಾಬಾಯಿ ತಡೆಯಲಿಲ್ಲ.

ಮರುದಿನ ಬೆಳಿಗ್ಗೆ ಹುಮನಾಬಾದಿನ ಅಡಿಗೆಮನೆಯಲ್ಲಿ ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು, ವಿದ್ಯಾವತಿ ಬೇಯಿಸುತ್ತಿದ್ದಳು. ಆಣೆಯ ಸುದ್ದಿಯನ್ನು ವಿದ್ಯಾವತಿ ತೆಗೆಯಲಿಲ್ಲ. ಹೇಗೆ ತೆಗೆಯಬೇಕೆಂದು ತಿಳಿಯಲಿಲ್ಲ ಕೂಡ. ಐದಾರು ರೊಟ್ಟಿಯಾದ ಮೇಲೆ ಮುದುಕಿಯೇ ತಡೆಯಲಾರದೆ ಮಾತಾಡಿದಳು.

"ನಿನಗೂ ಗೊತ್ತದ ಅಲಾ? ಎಲ್ಲಾರೂ ಕೂಡಿ ಮಾತಾಡ್ಕೊಂಡೀರಿ. ನನಗೊಬ್ಬಾಕಿಗಿ ಹೇಳಿಲ್ಲ."

"ಏನು, ಆಯಿ?"

"ನಾಗೂಗ ಬ್ಯಾನಿ ಇರೋದು ಹೊಟ್ಟ್ಯಾಗ. ಲಿವರೋ ಗಿವರೋ ಅದೇನೋ ಆಗ್ಯಾದ. ಇರ್ಲಿ. ಅದಕ್ಕ ಗುರೂನ ಕಾಳಿಜಕ್ಕ ಯಾಕ ಕೈ ಹಾಕ್ತಾರ? ಕಾಳಿಜ ಅರ್ಧಾ ಕೊಯ್ದು ಕೊಟ್ರ ಅಂವಾ ಉಳೀತಾನೇನು?" ಅನ್ನುತ್ತಾ ಗಯಾಬಾಯಿ ತನ್ನ ಎಡ ಎದೆಯನ್ನು ಬಡಿದುಕೊಂಡಳು. ಹಸಿರು ಸೀರೆಯ ಮೇಲೆ ಜೋಳದ ಹಿಟ್ಟಿನ ಐದು ಬೆರಳು ಬೆಳ್ಳಗೆ ಮೂಡಿದವು.

ಹೆಂಚಿನ ಮೇಲಿನ ರೊಟ್ಟಿ ಹೊತ್ತಿತು. ವಿದ್ಯಾವತಿ ಆ ಬೆರಳುಗಳನ್ನೇ ನೋಡುತ್ತಾ ಕೂತಳು.

ಒಂದೊಂದಾಗಿ ಕೇಳಿದಾಗ ಎಲ್ಲ ಹೊರಬಿತ್ತು. ಹೈದರಾಬಾದಿನಲ್ಲಿ ಗುರುಲಿಂಗ ತಪಾಸಣೆಗೆ ಒಳಗೆ ಹೋಗಿದ್ದಾಗ, ಹೊರಗೆ ಒಬ್ಬಳೇ ಕೂತಿದ್ದ ಮುದುಕಿಯ ಮೇಲೆ ಕನಿಕರಪಟ್ಟು ನರ್ಸೊಬ್ಬಳು ಉರ್ದುವಿನಲ್ಲಿ ಬಿಡಿಸಿ ಹೇಳಿದ್ದಳು: ನಿಮ್ಮ ಸಣ್ಣ ಮಗನ ಅರ್ಧ ಕಲೇಜಾ ತೆಗೆದು ದೊಡ್ಡ ಮಗನಿಗೆ ಹಾಕುತ್ತೇವೆ. ಉರ್ದುವಿನ ಕಲೇಜಾ ಎಂದರೆ ಲಿವರು. ಆದರೆ ಗಯಾಬಾಯಿಯ ತವರು ಉದಗೀರ ಕಡೆಯದು, ತಾಯಿಮಾತು ಮರಾಠಿ. ಮರಾಠಿಯ ಕಾಳಿಜ ಎಂದರೆ ಹೃದಯ. ಮನೆಯವರೆಲ್ಲ ಮೂರು ವರ್ಷದಿಂದ ಲಿವರು ಲಿವರು ಎನ್ನುತ್ತಿದ್ದರು. ಅದು ಅವಳ ಪಾಲಿಗೆ ಹೊಟ್ಟೆಯೊಳಗಿನ ಒಂದು ರೋಗದ ಹೆಸರು. ಮಾಂಸದ ಸುಳಿವೇ ಇಲ್ಲದ ಮನೆಯಲ್ಲಿ ಆ ಅಂಗಕ್ಕೆ ಇನ್ನೊಂದು ಹೆಸರು ಬೇಕಾಗಿರಲೇ ಇಲ್ಲ. ಹೀಗಾಗಿ ಒಬ್ಬ ಮಗನನ್ನು ಉಳಿಸಲು ಇನ್ನೊಬ್ಬ ಮಗನ ಎದೆ ಸೀಳುತ್ತಾರೆ, ಅದು ಇವರಿಗೆಲ್ಲ ಗೊತ್ತಿದ್ದೂ ತನ್ನಿಂದ ಮುಚ್ಚಿಟ್ಟಿದ್ದಾರೆ ಎಂದು ಅವಳು ಒಂದು ತಿಂಗಳಿಂದ ಒಳಗೊಳಗೇ ಬೇಯುತ್ತಿದ್ದಳು.

ಕಲೇಜಾ ಎದೆಯಲ್ಲಿಲ್ಲ, ಬಲಗಡೆ ಹೊಟ್ಟೆಯ ಮೇಲ್ಭಾಗದಲ್ಲಿದೆ, ಲಿವರು ಅಂದರೂ ಅದೇ ಎಂದು ವಿದ್ಯಾವತಿ ಹೇಳಿದಳು. ಮುದುಕಿ ನಂಬಲಿಲ್ಲ.

"ನೀ ಅಪ್ಪನ ಮಗಳು, ನಿನಗ ಅಪ್ಪ ಬೇಕು. ಡಾಕ್ಟರಿಗಿ ಅವನ ಧಂಧಾ ಬೇಕು. ನನಗ ಖರೆ ಹೇಳೋರು ಯಾರು?"

ವಿದ್ಯಾವತಿ ಹೊತ್ತಿದ ರೊಟ್ಟಿಯನ್ನು ಕೆಳಗಿಳಿಸಿ ಎದ್ದು ನಿಂತಳು. "ಗಯಾಸುದ್ದೀನ್ ಚಾಚಾಗ ಕೇಳೋಣು, ನಡಿ."

ಗಯಾಸುದ್ದೀನನದು ಓಣಿಯ ಕೊನೆಗೆ ಮಟನ್ ಅಂಗಡಿ. ಈಗ ಮಗ ನೋಡಿಕೊಳ್ಳುತ್ತಿದ್ದ. ಮುದುಕ ಹೊರಗೆ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಗಯಾಬಾಯಿಯ ಗಂಡನಿಗೂ ಅವನಿಗೂ ಎತ್ತಿನ ಸಂತೆಯಿಂದ ಗುರುತು; ಗಂಡ ಸತ್ತಾಗ ಮನೆಯ ಮುಂದೆ ನಿಂತು ಅತ್ತವನು. ಆದರೂ ನಲವತ್ತು ವರ್ಷದಲ್ಲಿ ಗಯಾಬಾಯಿ ಆ ಅಂಗಡಿಯ ಕಡೆ ಮುಖ ಮಾಡಿ ನಡೆದಿರಲಿಲ್ಲ. ಅಂದು ಸೆರಗನ್ನು ಮೂಗಿಗೆ ಒತ್ತಿ ಹಿಡಿದು, ಮೊಮ್ಮಗಳ ರಟ್ಟೆ ಹಿಡಿದುಕೊಂಡು ಬಂದಳು. ದೂರದಿಂದಲೇ ಕಂಡ ಗಯಾಸುದ್ದೀನ್ ಬೀಡಿ ಬಿಸಾಕಿ, ಮಗನಿಗೆ ಪರದೆ ಇಳಿಸಲು ಹೇಳಿ, ತಾನೇ ಇಪ್ಪತ್ತು ಹೆಜ್ಜೆ ಮುಂದೆ ಬಂದು ಬೇವಿನ ಗಿಡದ ಕೆಳಗೆ ಅವರನ್ನು ತಡೆದ.

"ಅಕ್ಕಾ, ನೀವ್ಯಾಕ ಇಲ್ಲಿ ತನಕ ಬಂದ್ರಿ? ಹೇಳಿ ಕಳಸಿದ್ರ ನಾನೇ ಬರ್ತಿದ್ದೆ."

"ಒಂದು ಮಾತು ಕೇಳ್ತೀನಿ, ಖುದಾನ್ನ ನೆನಸಿ ಹೇಳು. ಕಲೇಜಾ ಯಾವ ಕಡಿ ಇರ್ತದ?"

ಅವನು ಒಮ್ಮೆ ಮುದುಕಿಯನ್ನು, ಒಮ್ಮೆ ಹುಡುಗಿಯನ್ನು ನೋಡಿದ. ಯಾಕೆ ಎಂದು ಕೇಳಲಿಲ್ಲ. ಎಡ ಎದೆಯ ಮೇಲೆ ಕೈಯಿಟ್ಟುಕೊಂಡ. "ಇದು ದಿಲ್. ನಿಮ್ಮ ಮರಾಠ್ಯಾಗ ಕಾಳಿಜ ಅಂತೀರಲ್ಲ, ಅದು. ಮುಟಿಗಿಯಷ್ಟು ಇರ್ತದ." ಆಮೇಲೆ ಕೈಯನ್ನು ಬಲಕ್ಕೆ ಸರಿಸಿ ಪಕ್ಕೆಲುಬಿನ ಅಡಿಗೆ ಇಟ್ಟ. "ಕಲೇಜಾ ಇಲ್ಲಿ. ದೊಡ್ಡದು. ತಕ್ಕಡ್ಯಾಗ ಹಾಕಿ ಪಾವಕಿಲೋ ಅರ್ಧಕಿಲೋ ಅಂತ ತೂಗಿ ಕೊಡ್ತೀವಿ. ಆಡಿಗೂ ಅಲ್ಲೇ, ಮನಿಷ್ಯಾಗೂ ಅಲ್ಲೇ."

"ಅದರಾಗ ಅರ್ಧಾ ಕೊಯ್ದ್ರ ಉಳೀತಾನ?"

"ಅದನ್ನ ನನಗ ಕೇಳಬ್ಯಾಡ್ರಿ ಅಕ್ಕಾ. ನಾ ಕೊಯ್ದ ಮ್ಯಾಲ ಒಂದು ಆಡೂ ಎದ್ದು ಹೋಗಿಲ್ಲ."

ಗಯಾಬಾಯಿ ಸೆರಗಿನೊಳಗೇ ನಕ್ಕುಬಿಟ್ಟಳು. ಒಂದು ತಿಂಗಳ ಮೇಲೆ ಬಂದ ನಗು. ಅದರ ಬೆನ್ನಿಗೇ ಅಳುವೂ ಬಂತು. ಗಯಾಸುದ್ದೀನ್ ಬೇರೆ ಕಡೆ ನೋಡುತ್ತಾ ನಿಂತ. ಕೊನೆಗೆ, ಆ ಮಾತನ್ನು ಕೊಯ್ದು ಹೊಲಿಯಬಲ್ಲವರಿಗೇ ಕೇಳಿರಿ, ತನಗೆ ಅರ್ಧ ಕೆಲಸವಷ್ಟೇ ಬರುತ್ತದೆ ಎಂದ.

ಮನೆಗೆ ಬಂದ ಮೇಲೆ ಗಯಾಬಾಯಿ ಪಡಸಾಲೆಯಲ್ಲಿ ಕೂತು ತನ್ನ ಬಲಪಕ್ಕೆಯನ್ನು ಒತ್ತಿ ಒತ್ತಿ ನೋಡಿಕೊಂಡಳು. ಇಷ್ಟು ವರ್ಷ ಇದು ಇಲ್ಲೇ ಇತ್ತೇ ಎಂದು ಉಜ್ವಲಾಳನ್ನು ಕೇಳಿದಳು. ವಿದ್ಯಾವತಿ ಅಂದು ತನ್ನ ಜನ್ಮದಲ್ಲಿ ಆಡದಷ್ಟು ಮಾತಾಡಿದಳು. ಕೊಯ್ದರೂ ಮತ್ತೆ ಬೆಳೆಯುವ ಅಂಗ ಲಿವರೊಂದೇ. ಕಾಕಾನ ಮೈಯಲ್ಲಿ ಉಳಿದ ಪಾಲು ಎರಡು ಮೂರು ತಿಂಗಳಲ್ಲಿ ಮೊದಲಿನಷ್ಟೇ ತುಂಬಿಕೊಳ್ಳುತ್ತದೆ. ಅಪ್ಪನಿಗೆ ಇಟ್ಟದ್ದೂ ಬೆಳೆಯುತ್ತದೆ. ಅಪ್ಪ ಇರುವಷ್ಟು ದಿನ ಗುಳಿಗೆ ನುಂಗಬೇಕು, ಒಂದು ದಿನವೂ ತಪ್ಪುವಂತಿಲ್ಲ. ಕಾಕಾಗೆ ಅಪಾಯವೇ ಇಲ್ಲ ಎಂದು ಅವಳು ಹೇಳಲಿಲ್ಲ. ನೂರರಲ್ಲಿ ಒಬ್ಬರಿಗೋ ಇನ್ನೂ ಕಮ್ಮಿ ಜನಕ್ಕೋ ಕೆಟ್ಟದ್ದಾಗಬಹುದು ಎಂದು ಡಾಕ್ಟರು ಹೇಳಿದ್ದನ್ನು ಹಾಗೇ ಹೇಳಿದಳು.

"ಇದನ್ನ ಯಾರೂ ಮದ್ಲ ಯಾಕ ಹೇಳ್ಲಿಲ್ಲ?"

"ನೀ ಕೇಳ್ಲಿಲ್ಲಲಾ, ಆಯಿ."

"ಹ್ಯಾಂಗ ಕೇಳ್ಲಿ? ಗುರೂನ ಕೊಟ್ಟು ನಾಗೂನ ಉಳಿಸ್ಕೊಳ್ಳಾಕತ್ತೀರೇನು ಅಂತ ಬಾಯಿ ಬಿಟ್ಟು ಕೇಳಿದ್ರ, ಹೌದು ಅಂದುಬಿಟ್ರ?"

ಗುರುಲಿಂಗ ಅಂಗಡಿಯಿಂದ ಊಟಕ್ಕೆ ಬಂದಾಗ ಅವನನ್ನು ಎದುರಿಗೆ ಕೂರಿಸಿಕೊಂಡಳು. ಹಾಕಿದವರೇ ಆಣೆ ಇಳಿಸಿಕೊಳ್ಳಬೇಕು, ಇನ್ನೊಬ್ಬರ ಕೈಯಲ್ಲಿ ಇಳಿಯುವುದಿಲ್ಲ. ಅವನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಒಂದು ಮಾತು ಕೇಳಿದಳು.

"ಅಂಜಿಕಿ ಅದ ಏನು?"

ಅವನು ಹೆಂಡತಿಯ ಕಡೆ ನೋಡಿದ. "ಅದ, ಅವ್ವಾ."

"ಹಂಗಾರ ಹೋಗು. ಅಂಜಿಕಿ ಇಲ್ಲಂತ ಸುಳ್ಳು ಹೇಳಿದ್ರ ಕಳಸ್ತಿರಲಿಲ್ಲ. ನನ್ನ ಆಣಿ ನಾ ಇಳಿಸ್ಕೊಂಡೆ." ಅವನ ಕೈಯನ್ನು ಅವನಿಗೇ ತಿರುಗಿ ಕೊಟ್ಟು, ಫೋನು ಹಚ್ಚಿಕೊಡಲು ಹೇಳಿದಳು. ಆ ಕಡೆಯಿಂದ ಹಿರಿಯ ಸೊಸೆಯ ದನಿ ಕೇಳಿದ್ದೇ, "ಶಕುಂತಲಾ, ನಿನಗ ಏನೇನು ಬೈಬೇಕಂತ ಅದನೋ ಬೈದು ಮುಗ್ಸು. ಹೈದರಾಬಾದದಾಗ ಪುರಸೊತ್ತು ಸಿಗಲ್ಲ," ಎಂದಳು.

ಎಲ್ಲವನ್ನೂ ಮಗಳ ಬಾಯಿಂದ ಕೇಳಿಕೊಂಡ ಶಕುಂತಲಾಬಾಯಿ ಫೋನನ್ನು ಅತ್ತೆಗೆ ಕೊಡಿಸಿದಳು. ಆಮೇಲೆ, ಎಳ್ಳ ಅಮಾವಾಸ್ಯೆಗೆ ಬನ್ನಿರಿ, ಮಾರಿ ನೋಡಿಯೇ ಬೈಯುತ್ತೇನೆ ಎಂದಳು.

ಅಮಾವಾಸ್ಯೆಗೆ ಎಲ್ಲರೂ ಬಸವಕಲ್ಯಾಣದಲ್ಲಿ ಸೇರಿದರು. ಅತ್ತೆ ಸೊಸೆಯರು ಬೈದಾಡಿಕೊಂಡೇ ಕಾಳು ಕಾಯಿಪಲ್ಯಗಳ ಬಜ್ಜಿ ಮಾಡಿದರು. ಉಪ್ಪಿನದು ದೊಡ್ಡ ಪಾತೇಲಿಯಲ್ಲಿ, ಸಪ್ಪನೆಯದು ಸಣ್ಣದರಲ್ಲಿ. ಬಡಿಸುವ ಗದ್ದಲದಲ್ಲಿ ಸಪ್ಪನೆಯ ಬಜ್ಜಿ ಗುರುಲಿಂಗನ ತಾಟಿಗೆ ಬಿತ್ತು. ನಾಗನಾಥ ಮಾತಿಲ್ಲದೆ ಎರಡು ತುತ್ತು ಉಪ್ಪಿನದನ್ನು ಒಳಗೆ ಹಾಕಿ ಮೂರನೆಯದನ್ನು ಎತ್ತಿದ್ದ. ಶಕುಂತಲಾಬಾಯಿ ತಾಟನ್ನೇ ಎಳೆದುಕೊಂಡಳು. ತಮ್ಮನ ಲಿವರು ಬಂದ ಮೇಲೆ ಮೊದಲು ಉಪ್ಪಿನಕಾಯಿಯ ಬರಣಿಗೇ ಕೈ ಹಾಕುತ್ತೇನೆ ಎಂದು ಅವನು ಘೋಷಿಸಿದ. ಅದು ತನ್ನ ಲಿವರು, ಅದಕ್ಕೆ ಖಾರ ಆಗುವುದಿಲ್ಲ ಎಂದ ಗುರುಲಿಂಗ. ಅಣ್ಣತಮ್ಮಂದಿರು ಚಿಕ್ಕಂದಿನ ಹಾಗೆ ಕಚ್ಚಾಡಿದರು.

ಆಸ್ಪತ್ರೆಯವರು ಕೊಟ್ಟ ತಾರೀಖಿಗೆ, ಜನವರಿಯ ಎರಡನೆಯ ವಾರ, ಆಪರೇಷನ್ ಆಯಿತು. ಬೆಳಿಗ್ಗೆ ಆರಕ್ಕೆ ಇಬ್ಬರೂ ಒಳಗೆ ಹೋದರು. ಗುರುಲಿಂಗ ಮಧ್ಯಾಹ್ನ ಹೊರಬಂದ, ನಾಗನಾಥ ದೀಪ ಹಚ್ಚುವ ಹೊತ್ತಿಗೆ. ಎರಡೂ ಸರಿಯಾಗಿದೆ, ಆದರೆ ಮುಂದಿನ ದಿನಗಳನ್ನು ನೋಡಬೇಕು ಎಂದರು ಡಾಕ್ಟರು. ಮೂರನೆಯ ದಿನ ನೋಡಲು ಬಿಟ್ಟರು. ಸೋಂಕಿನ ಭಯಕ್ಕೆ ನಿಯಮ ಬಿಗಿ: ಒಬ್ಬೊಬ್ಬ ರೋಗಿಗೆ ಒಬ್ಬರೇ, ಐದೇ ನಿಮಿಷ. ಒಂದು ಕೋಣೆಗೆ ಹೋದವರು ಅಂದು ಇನ್ನೊಂದಕ್ಕೆ ಹೋಗುವಂತಿಲ್ಲ.

ಶಕುಂತಲಾಬಾಯಿಯೂ ಉಜ್ವಲಾಳೂ ಒಂದೇ ಬೆಂಚಿನ ಮೇಲೆ ಕೂತಿದ್ದರು. ಇಬ್ಬರೂ ಅತ್ತೆಯ ಕಡೆ ನೋಡಿದರು. ಹೆತ್ತವಳು ಮೊದಲು ನೋಡಲಿ, ಎಲ್ಲಿಗೆ ಹೋಗುತ್ತೀರಿ ಎಂದು ಶಕುಂತಲಾಬಾಯಿಯೇ ಕೇಳಿದಳು.

"ಗುರೂನ ಕಡಿ," ಎಂದಳು ಗಯಾಬಾಯಿ. "ನಾಗೂ ಬ್ಯಾನಿ ಇತ್ತಂತ ಮಲಗ್ಯಾನ. ಇವನಿಗಿ ಬ್ಯಾನಿ ಇರಲಿಲ್ಲ. ನಾ ಹೂಂ ಅಂದೆ ಅಂತ ಮಲಗ್ಯಾನ."

ಅವಳು ಹೋದಳು. ಗಂಡನನ್ನು ಆ ಸ್ಥಿತಿಯಲ್ಲಿ ನೋಡಲು ಅಂಜಿ ಶಕುಂತಲಾಬಾಯಿ ನಾಗನಾಥನ ಬಳಿಗೆ ಮಗಳನ್ನು ಕಳಿಸಿದಳು.

ಗೌನು, ಮುಖಕ್ಕೆ ಪಟ್ಟಿ, ತಲೆಗೆ ಟೊಪ್ಪಿಗೆ ಹಾಕಿಕೊಂಡು ವಿದ್ಯಾವತಿ ಒಳಗೆ ಹೋದಳು. ಅಪ್ಪನ ಮೈಯಿಂದ ಐದಾರು ನಳಿಕೆಗಳು ಇಳಿದಿದ್ದವು. ಮುಖ ಬಿಳುಚಿತ್ತು. ಆದರೆ ಮೂರು ವರ್ಷದಿಂದ ಅರಿಷಿಣ ಬಳಿದಂತಿದ್ದ ಕಣ್ಣು ತುಸು ತಿಳಿಯಾದ ಹಾಗೆ ಕಂಡಿತು; ತನ್ನ ಆಸೆಯೇ ಹಾಗೆ ತೋರಿಸುತ್ತಿದೆಯೋ ಎಂದು ಅವಳು ಮತ್ತೊಮ್ಮೆ ಬಗ್ಗಿ ನೋಡಿದಳು. ಅವನು ಪಟ್ಟಿಯ ಮೇಲಿನ ಕಣ್ಣುಗಳಿಂದಲೇ ಮಗಳನ್ನು ಗುರುತು ಹಿಡಿದ.

"ಗುರು?"

"ಆರಾಮ ಇದ್ದಾನ. ನಿನ್ನಿ ಎದ್ದು ಕೂತಾನಂತ."

ಅವನು ಕಣ್ಣು ಮುಚ್ಚಿ ತೆರೆದ. "ಅವ್ವ ಎಲ್ಲದಾಳ?"

ವಿದ್ಯಾವತಿ ಸುಳ್ಳು ಹೇಳಲು ಬಂದೀತೆ ಎಂದು ನೋಡಿದಳು, ಬರಲಿಲ್ಲ. "ಕಾಕಾನ ಕಡಿ ಹೋಗ್ಯಾಳ, ಅಪ್ಪಾ. ಇವತ್ತ ಒಬ್ಬರನ್ನೇ ನೋಡ್ಲಾಕ ಬಿಡ್ತಾರ. ಆಕಿ ಕಾಕಾನ್ನ ಮದ್ಲ ನೋಡ್ತೀನಿ ಅಂದ್ಳು."

ನಾಗನಾಥನ ತುಟಿ ಅಲುಗಿತು, ನಗು ಹೊಟ್ಟೆಗೆ ಇಳಿದು ಹೊಲಿಗೆ ಜಗ್ಗಿತು, ನೋವಿಗೆ ಹಲ್ಲು ಕಚ್ಚಿ ಮತ್ತೆ ನಕ್ಕ. ನರ್ಸು ಬಂದು ಗದರಿದಳು. ಅವನು ಕೈಸನ್ನೆ ಮಾಡಿ ಮಗಳನ್ನು ಹತ್ತಿರ ಕರೆದ.

"ನಾ ಸಾಯೋ ಮಗ ಆಗಿದ್ರ ಮದ್ಲ ನನ್ನ ಕಡೀನ ಓಡಿ ಬರ್ತಿದ್ಳು. ಹೋಗಿ ನಿಮ್ಮವ್ವಗ ಹೇಳು, ನಾ ಉಳೀತೀನಂತ ಮುದುಕಿಗಿ ಖಾತ್ರಿ ಆಗ್ಯಾದ."